ಮಾಂಸದ ಮೇಕೆ ಸಾಕಣೆ: ಬದುಕಿಡೀ ಮಾಡುವ ಕೆಲಸಕ್ಕೆ ಒಂದೊಂದೇ ಹೆಜ್ಜೆ

ಮೇಕೆ ಸಾಕಬೇಕು ಅಂತ ಬರುವವರು ಮೊದಲು ಕೇಳುವುದು ಯಾವ ತಳಿ ಒಳ್ಳೆಯದು ಅಂತ. ಆಮೇಲೆ ಎಷ್ಟು ಮೇಕೆಯಿಂದ ಶುರು ಮಾಡಬೇಕು ಅಂತ. ಹುಟ್ಟಿದ ಮರಿಗಳಲ್ಲಿ ಎಷ್ಟು ಉಳಿದು ಮಾರಾಟದ ತೂಕಕ್ಕೆ ಬರುತ್ತವೆ ಅಂತ ಕೇಳುವವರು ತೀರಾ ಕಡಿಮೆ. ಆದರೆ ಈ ಕೆಲಸದ ಲೆಕ್ಕವೆಲ್ಲ ನಿಂತಿರುವುದು ಅಲ್ಲೇ.

20 ತಾಯಿ ಮೇಕೆಗಳಿವೆ ಅಂದುಕೊಳ್ಳಿ. ಒಂದು ಸೂಲಿಗೆ 32 ಮರಿ ಹುಟ್ಟಿದವು. ಅದರಲ್ಲಿ 28 ಉಳಿದರೆ ಮೇವು, ಔಷಧಿ, ಕೂಲಿ ಎಲ್ಲ ಕಳೆದು ಕೈಯಲ್ಲಿ ಒಂದಿಷ್ಟು ನಿಲ್ಲುತ್ತದೆ. 20 ಮಾತ್ರ ಉಳಿದರೆ? ತಾಯಂದಿರು ತಿಂದ ಮೇವು ಅಷ್ಟೇ, ನೀವು ಪಟ್ಟ ಕಷ್ಟವೂ ಅಷ್ಟೇ. ಮಾರುವುದಕ್ಕೆ ಮಾತ್ರ 8 ಮರಿ ಕಡಿಮೆ. ನಿಮ್ಮ ಲಾಭ ಆ 8 ಮರಿಗಳಲ್ಲೇ ಇತ್ತು.

ಹಾಗಾಗಿ ಇಲ್ಲಿ ತಳಿಯ ಬಗ್ಗೆ ನಾಲ್ಕು ಮಾತು ಹೇಳಿ, ಮರಿ ಉಳಿಸುವುದರ ಬಗ್ಗೆ ಜಾಸ್ತಿ ಬರೆದಿದ್ದೇನೆ. ನಾನು ವರ್ಷಗಟ್ಟಲೆ ಮೇಕೆಗಳ ನಡುವೆ ಕಳೆದವನು. ಮರಿ ಕಳೆದುಕೊಂಡು ಕಲಿತದ್ದೂ ಇದೆ, ಉಳಿಸಿಕೊಂಡು ಕಲಿತದ್ದೂ ಇದೆ.

ಮೇಕೆ ಕೊಳ್ಳುವ ಮೊದಲು

ಮೊದಲ ಹೆಜ್ಜೆಯಲ್ಲಿ ಒಂದೂ ಮೇಕೆ ಕೊಳ್ಳಬೇಡಿ. ಅನುಭವ ಇರುವವರ ದೊಡ್ಡಿಯಲ್ಲಿ ಒಂದು ಸುತ್ತು ಪೂರ್ತಿ ಕೆಲಸ ಮಾಡಿ. ಒಂದು ಸುತ್ತು ಅಂದರೆ ಹೋತ ಬಿಡುವುದರಿಂದ ಹಿಡಿದು ಮರಿ ಮಾರುವವರೆಗೆ. ಮೇಕೆ ಗಬ್ಬ ಹೊರುವುದು ಸುಮಾರು 150 ದಿನ. ಮರಿ ಬೆಳೆಯಲು ಅದರ ಮೇಲೆ ಇನ್ನೂ ಕೆಲವು ತಿಂಗಳು. ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಕೂಲಿ ಕಡಿಮೆಯಾದರೂ ಹೋಗಿ. ಸುರಿಯುವ ಮಳೆಯಲ್ಲಿ ದೊಡ್ಡಿ ಗುಡಿಸಿ, ನಡುರಾತ್ರಿ ಎದ್ದು ಮರಿ ಹಿಡಿದು, ಸತ್ತ ಮರಿಗೆ ಗುಂಡಿ ತೋಡಿ, ಇಷ್ಟೆಲ್ಲ ಆದ ಮೇಲೂ ಮರುದಿನ ಬೆಳಿಗ್ಗೆ ದೊಡ್ಡಿಗೆ ಹೋಗಬೇಕು ಅನ್ನಿಸಿದರೆ ಈ ಕೆಲಸ ನಿಮಗೆ ಆಗಿಬರುತ್ತದೆ.

ಇನ್ನೊಂದು ಮಾತನ್ನೂ ಈಗಲೇ ಯೋಚಿಸಿಕೊಳ್ಳಿ. ಇವು ಮಾಂಸಕ್ಕೆ ಸಾಕುವ ಪ್ರಾಣಿಗಳು. ಕೈಯಾರೆ ಹಾಲು ಕುಡಿಸಿ ಬೆಳೆಸಿದ ಮರಿಯನ್ನೇ ಒಂದು ದಿನ ಗಾಡಿ ಹತ್ತಿಸಬೇಕು. ಅದು ಎಷ್ಟು ವರ್ಷವಾದರೂ ಹಗುರಾಗುವುದಿಲ್ಲ. ಇದ್ದಷ್ಟು ದಿನ ಅದಕ್ಕೆ ಹೊಟ್ಟೆತುಂಬ ಮೇವು, ಒಣಗಿದ ಜಾಗ, ಹೆದರಿಕೆ ಇಲ್ಲದ ಬಾಳು ಕೊಟ್ಟಿದ್ದೇನೆ ಅನ್ನುವುದೊಂದೇ ನನಗೆ ಸಮಾಧಾನ.

ಶುರು ಮಾಡುವಾಗ 8–10 ಹೆಣ್ಣು ಮೇಕೆ, ಒಂದು ಹೋತ ಸಾಕು. ಒಂದು ಒಳ್ಳೆಯ ಹೋತ 25–30 ಮೇಕೆಗಳನ್ನು ಸುಧಾರಿಸುತ್ತದೆ, ಆದ್ದರಿಂದ ಮಂದೆ ಬೆಳೆದರೂ ಸದ್ಯಕ್ಕೆ ಇನ್ನೊಂದು ಬೇಕಿಲ್ಲ. ಮೊದಲ ದಿನವೇ 100 ಮೇಕೆ ತಂದವರು ಎರಡನೇ ವರ್ಷಕ್ಕೆ ದೊಡ್ಡಿ ಖಾಲಿ ಮಾಡಿದ್ದನ್ನು ನೋಡಿದ್ದೇನೆ. 10 ಮೇಕೆಯಲ್ಲಿ ಮಾಡಿದ ತಪ್ಪಿಗೆ ಒಂದು ಮರಿ ಹೋಗುತ್ತದೆ. ಅದೇ ತಪ್ಪಿಗೆ 100 ಮೇಕೆಯಲ್ಲಿ ಮಂದೆಯೇ ಹೋಗಬಹುದು.

ಜಾಗ, ದೊಡ್ಡಿ, ಬೇಲಿ

ಮೇಕೆ ಚಳಿ ತಡೆಯುತ್ತದೆ, ಬಿಸಿಲು ತಡೆಯುತ್ತದೆ, ಒದ್ದೆ ತಡೆಯುವುದಿಲ್ಲ. ದೊಡ್ಡಿ ಕಟ್ಟುವಾಗ ಇದೊಂದು ನೆನಪಿರಲಿ. ಎತ್ತರದ ಜಾಗ, ನೀರು ನಿಲ್ಲದ ನೆಲ, ಇರಚಲು ಒಳಗೆ ಬಾರದ ಸೂರು. ಗೋಡೆ ಪೂರ್ತಿ ಮುಚ್ಚಬೇಡಿ, ಗಾಳಿ ಆಡಬೇಕು. ಒಳಗೆ ಹೋಗಿ ಮೇಕೆಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕುಳಿತು ಉಸಿರೆಳೆದು ನೋಡಿ. ಉಚ್ಚೆಯ ಘಾಟಿಗೆ ನಿಮ್ಮ ಕಣ್ಣು ಉರಿದರೆ ಮರಿಗಳ ಶ್ವಾಸಕೋಶ ಹಗಲೂ ರಾತ್ರಿ ಉರಿಯುತ್ತಿದೆ ಅಂತಲೇ ಅರ್ಥ.

ದೊಡ್ಡ ಮೇಕೆಗೆ ಒಳಗೆ ಸುಮಾರು 10–15 ಚದರ ಅಡಿ, ಹೋತಕ್ಕೆ 20ಕ್ಕಿಂತ ಜಾಸ್ತಿ ಬೇಕು. ಮಳೆ ಜಾಸ್ತಿ ಇರುವ ಕಡೆ ಅಟ್ಟಣಿಗೆ ಮಾಡಿದರೆ ಹಿಕ್ಕೆ, ಉಚ್ಚೆ ಕೆಳಗೆ ಬೀಳುತ್ತದೆ, ಗೊರಸು ಒಣಗಿರುತ್ತದೆ. ಹಲಗೆಗಳ ನಡುವೆ ಒಂದೂವರೆ ಸೆಂಟಿಮೀಟರ್ ಸಂದು ಸಾಕು. ಅದಕ್ಕಿಂತ ಅಗಲವಾದರೆ ಎಳೆಮರಿಯ ಕಾಲು ಸಿಕ್ಕಿಹಾಕಿಕೊಳ್ಳುತ್ತದೆ. ಬೇಲಿ ನಾಲ್ಕು ಅಡಿಗಿಂತ ತಗ್ಗಿರಬಾರದು. ಕಣ್ಣು ದೊಡ್ಡದಿರುವ ಬಲೆ ಬೇಲಿಯಲ್ಲಿ ಕೋಡಿರುವ ಮೇಕೆ ತಲೆ ತೂರಿಸುತ್ತದೆ, ಹಿಂದಕ್ಕೆ ಎಳೆದುಕೊಳ್ಳಲು ಬರುವುದಿಲ್ಲ. ಹಾಗೇ ಸಿಕ್ಕಿಕೊಂಡಾಗ ನಾಯಿ ಬಂದರೆ ಕಥೆ ಮುಗಿಯಿತು.

ಹೊಸ ಮೇಕೆಗೆ, ಕಾಯಿಲೆ ಬಿದ್ದ ಮೇಕೆಗೆ ಅಂತ ಒಂದು ಬೇರೆ ಕೋಣೆ ದೂರದಲ್ಲಿ ಇರಲಿ. ಅದರ ಬಕೆಟ್, ಪೊರಕೆ ಎಲ್ಲವೂ ಬೇರೆ.

ತಳಿ, ಹಲ್ಲು, ಮತ್ತು ಹೊಸ ಮೇಕೆಯ 30 ದಿನ

ದಕ್ಷಿಣ ಆಫ್ರಿಕಾದ ಬೋಯರ್ ತಳಿ ಮೈ ತುಂಬಿಕೊಳ್ಳುವುದರಲ್ಲಿ ಮುಂದು. ನ್ಯೂಜಿಲೆಂಡಿನ ಕೀಕೊ ತಳಿಯನ್ನು ಹೆಚ್ಚು ಆರೈಕೆ ಇಲ್ಲದೆ ಬದುಕಿ ಬೆಳೆಯುವ ಗುಣ ನೋಡಿಯೇ ಆಯ್ದು ಬೆಳೆಸಿದರು. ಬ್ಲ್ಯಾಕ್ ಬೆಂಗಾಲ್ ಸಣ್ಣ ಮೈಯದು, ಆದರೆ ಅವಳಿ ಮರಿ ಹಾಕುವುದರಲ್ಲಿ ಹೆಸರುವಾಸಿ. ಯಾವುದೇ ಆಗಲಿ, ನಿಮ್ಮ ಹವೆ, ನಿಮ್ಮ ಮೇವಿಗೆ ಒಗ್ಗಿದ ಹೆಣ್ಣು ಮೇಕೆಗಳನ್ನೇ ತಾಯಂದಿರನ್ನಾಗಿ ಇಟ್ಟುಕೊಳ್ಳಿ. ಮೈಕಟ್ಟು ಬೇಕಿದ್ದರೆ ಅದನ್ನು ಹೋತದಿಂದ ತನ್ನಿ. ಹೊಸಬರಿಗೆ ನಾನು ಹೇಳುವುದು ಇದನ್ನೇ. ಒಂದು ಹೋತ ಕೈಕೊಟ್ಟರೆ ಬದಲಾಯಿಸಬಹುದು, 20 ತಾಯಂದಿರು ಹವೆಗೆ ಒಗ್ಗದಿದ್ದರೆ ಏನು ಮಾಡುತ್ತೀರಿ?

ಕೊಳ್ಳುವಾಗ ಬಾಯಿ ಬಿಡಿಸಿ ನೋಡಿ. ಮೇಕೆಗೆ ಮುಂದಿನ ಹಲ್ಲು ಕೆಳಗಡೆ ಮಾತ್ರ, ಎಂಟು. ನಡುವಿನ ಎರಡು ದೊಡ್ಡ ಹಲ್ಲು ಬಂದಿದ್ದರೆ ಸುಮಾರು ಒಂದರಿಂದ ಒಂದೂವರೆ ವರ್ಷ. ನಾಲ್ಕಿದ್ದರೆ ಎರಡು, ಆರಿದ್ದರೆ ಮೂರು, ಎಂಟೂ ಬಂದಿದ್ದರೆ ನಾಲ್ಕು ವರ್ಷದ ಆಸುಪಾಸು. ಹಲ್ಲು ಸವೆದು ಸಂದು ಬಿದ್ದಿದ್ದರೆ ಮುದಿ ಮೇಕೆ. ಆಮೇಲೆ ಕೆಚ್ಚಲನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ. ಗಂಟು ಇರಬಾರದು, ಎರಡೂ ಕಡೆ ಸಮನಾಗಿರಬೇಕು. ದವಡೆಯ ಕೆಳಗೆ, ಕತ್ತಿನ ಪಕ್ಕ ಕೀವು ತುಂಬಿದ ಗಂಟು ಕಂಡರೆ ಆ ಮೇಕೆಯನ್ನು ಮಾತ್ರ ಅಲ್ಲ, ಆ ಮಂದೆಯನ್ನೇ ಬಿಟ್ಟು ಬನ್ನಿ. ಆ ಗಂಟು ಒಡೆದ ಕೀವು ನೆಲಕ್ಕೆ ಬಿದ್ದರೆ ರೋಗ ದೊಡ್ಡಿಯಲ್ಲಿ ಬಹಳ ಕಾಲ ಉಳಿಯುತ್ತದೆ.

ಹೋತದ ಬೀಜ ಎರಡೂ ಗಟ್ಟಿಯಾಗಿ, ಸಮನಾಗಿ ಇರಬೇಕು. ಅವಳಿ ಹುಟ್ಟಿದ ಹೋತ ಸಿಕ್ಕರೆ ಇನ್ನೂ ಒಳ್ಳೆಯದು.

ತಂದ ಮೇಕೆಯನ್ನು 30 ದಿನ ಬೇರೆ ಇಡಿ. ಒಂದು ಸಲ ನಾನು ಇದನ್ನು ಬಿಟ್ಟೆ. ಸಂಜೆ ಹೊತ್ತಾಗಿತ್ತು, ಮಳೆ ಬರುವಂತಿತ್ತು, ಹೊಸ ಎರಡು ಮೇಕೆ ನೋಡಲು ಲಕ್ಷಣವಾಗಿದ್ದವು. ಇವತ್ತೊಂದು ರಾತ್ರಿ ಅಲ್ವಾ ಅಂತ ಮಂದೆಗೇ ಬಿಟ್ಟೆ. ಹತ್ತು ದಿನದಲ್ಲಿ ಮರಿಗಳ ತುಟಿ ಮೇಲೆ ಹುಣ್ಣು, ಹೊಪ್ಪಳಿಕೆ. ತುಟಿ ನೋವಿಗೆ ಮೊಲೆ ಹಿಡಿಯವು. ಅವು ಮೊಲೆ ಮುಟ್ಟಿದ ಕಡೆ ತಾಯಿಗೂ ಹುಣ್ಣು, ಹಾಗಾಗಿ ತಾಯಿ ಒದೆಯುತ್ತದೆ. ನನ್ನ ಬೆರಳಿಗೂ ಬಂತು, ಆ ರೋಗ ಮನುಷ್ಯರಿಗೂ ಅಂಟುತ್ತದೆ. ಒಂದು ತಿಂಗಳು ಮರಿಗಳಿಗೆ ಕೈಯಲ್ಲಿ ಹಾಲು ಕುಡಿಸಿದೆವು. ಅಂದಿನಿಂದ ಹೊಸ ಮೇಕೆ ಎಷ್ಟೇ ಚೆನ್ನಾಗಿದ್ದರೂ, ಎಷ್ಟೇ ಹೊತ್ತಾಗಿದ್ದರೂ, ಬೇರೆ ಕೋಣೆಗೇ ಹೋಗುತ್ತದೆ.

ಮೇವು

ಆಡು ಮುಟ್ಟದ ಸೊಪ್ಪಿಲ್ಲ ಅನ್ನುವುದು ಅರ್ಧ ನಿಜ. ಮೇಕೆ ಎಲ್ಲವನ್ನೂ ಮುಟ್ಟಿ ನೋಡುತ್ತದೆ, ಆರಿಸಿ ತಿನ್ನುತ್ತದೆ. ತಲೆ ಎತ್ತಿ ಎಲೆ, ಚಿಗುರು, ಕಾಯಿ ತಿನ್ನಲು ಹುಟ್ಟಿದ ಪ್ರಾಣಿ ಅದು. ಕುರಿಯ ಹಾಗೆ ನೆಲಕ್ಕೆ ಬಾಯಿ ಹಚ್ಚಿ ಹುಲ್ಲು ಮೇಯುವುದು ಅದಕ್ಕೆ ಎರಡನೇ ಆಯ್ಕೆ. ಆದ್ದರಿಂದ ಮೇವನ್ನು ಕಟ್ಟು ಕಟ್ಟಿ ತಲೆಯ ಎತ್ತರಕ್ಕೆ ತೂಗುಹಾಕಿ. ನೆಲಕ್ಕೆ ಬಿದ್ದದ್ದನ್ನು ಅದು ಮುಟ್ಟುವುದಿಲ್ಲ, ಮುಟ್ಟಿದರೆ ಹುಳ ಹೊಟ್ಟೆಗೆ ಹೋಗುತ್ತದೆ.

ಮೇಕೆಗೆ ದಿನಕ್ಕೆ ಅದರ ತೂಕದ ಶೇ. 3–4ರಷ್ಟು ಒಣ ಲೆಕ್ಕದ ಮೇವು ಬೇಕು. 40 ಕಿಲೋ ಮೇಕೆಗೆ ಅದು 1.2ರಿಂದ 1.6 ಕಿಲೋ. ಹಸಿ ಮೇವಿನಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಬರೀ ಹಸಿರು ಹಾಕಿದರೆ ಐದಾರು ಕಿಲೋ ಆಗುತ್ತದೆ. ಹಸಿರು ಮತ್ತು ಒಣ ಮೇವು ಎರಡೂ ಇರಲಿ. ಕುದುರೆಮೆಂತೆಯಂಥ ದ್ವಿದಳ ಮೇವು ಸೇರಿದರೆ ಹಿಂಡಿಯ ಖರ್ಚು ಇಳಿಯುತ್ತದೆ. ಸುಬಾಬುಲ್ ಸೊಪ್ಪು ಒಳ್ಳೆಯದು, ಆದರೆ ಒಟ್ಟು ಮೇವಿನಲ್ಲಿ ಮೂರರಲ್ಲೊಂದು ಪಾಲು ದಾಟದಿರಲಿ. ಕಣಗಿಲೆ ದೊಡ್ಡಿಯ ಸುತ್ತ ಬೇಡವೇ ಬೇಡ, ನಾಲ್ಕು ಎಲೆಯೂ ವಿಷ. ಮಳೆಯಿಲ್ಲದೆ ಬಾಡಿದ ಎಳೆ ಜೋಳದ ಪೈರಿಗೂ ಬಿಡಬೇಡಿ.

ಮೇವು ಬದಲಾಯಿಸುವಾಗ ಆತುರ ಮಾಡಬೇಡಿ. ಮೇಕೆಯ ದೊಡ್ಡ ಹೊಟ್ಟೆಯಲ್ಲಿ ಮೇವು ಕರಗಿಸುವುದು ಸೂಕ್ಷ್ಮಜೀವಿಗಳು. ಹುಲ್ಲಿನ ಜೀವಿಗಳು ಬೇರೆ, ಕಾಳಿನ ಜೀವಿಗಳು ಬೇರೆ. ಕಾಳು ಒಮ್ಮೆಲೇ ಬಿದ್ದರೆ ಹೊಟ್ಟೆ ಹುಳಿಯಾಗಿ ಮೇಕೆ ಮಲಗಿಬಿಡುತ್ತದೆ. ಹೊಸ ಮೇವು, ಹೊಸ ಹಿಂಡಿ ಏನೇ ಇದ್ದರೂ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಕಾಳಿನ ಮೂಟೆ ಇಡುವ ಕೋಣೆಯ ಬಾಗಿಲಿಗೆ ಮೇಕೆ ತೆಗೆಯಲಾರದ ಚಿಲಕ ಇರಲಿ. ಮೇಕೆ ತುಟಿಯಲ್ಲೇ ಚಿಲಕ ತೆಗೆಯುತ್ತದೆ.

ನೀರು ಸದಾ ಇರಲಿ, ನೀವು ಕುಡಿಯಲು ಒಪ್ಪುವಷ್ಟು ಚೊಕ್ಕಟವಾಗಿರಲಿ. ಖನಿಜ ಮಿಶ್ರಣ ಮೇಕೆಗೆ ಅಂತ ಮಾಡಿದ್ದನ್ನೇ ತನ್ನಿ. ಕುರಿಗೆ ತಾಮ್ರ ಜಾಸ್ತಿಯಾದರೆ ವಿಷ, ಮೇಕೆಗೆ ಅದು ಕುರಿಗಿಂತ ಹೆಚ್ಚು ಬೇಕು. ಎರಡನ್ನೂ ಒಟ್ಟಿಗೆ ಸಾಕುವವರು ಇಲ್ಲೇ ಎಡವುತ್ತಾರೆ.

ದಿನಕ್ಕೆ ಎರಡು ಸಲ ಸುಮ್ನೆ ನಿಂತು ನೋಡುವುದು

ಇದೂ ಒಂದು ಕೆಲಸ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಹತ್ತು ನಿಮಿಷ, ಸಂಜೆ ಒಳಗೆ ಹಾಕಿದ ಮೇಲೆ ಹತ್ತು ನಿಮಿಷ. ಕೈಯಲ್ಲಿ ಪೊರಕೆ ಬೇಡ, ಫೋನೂ ಬೇಡ. ಯಾವುದು ಗುಂಪಿನಿಂದ ದೂರ ನಿಂತಿದೆ? ಯಾವುದು ಮೆಲುಕು ಹಾಕುತ್ತಿಲ್ಲ? ಬಾಲದ ಬುಡ ಒದ್ದೆಯಾಗಿದೆಯಾ? ಬಾಗಿಲು ತೆಗೆದಾಗ ಯಾವಾಗಲೂ ಮುಂದೆ ನುಗ್ಗುವ ಮೇಕೆ ಇವತ್ತು ಕೊನೆಗೆ ಬಂತಾ?

ಮೇಕೆ ಬೇಟೆಗೆ ಸಿಗುವ ಪ್ರಾಣಿ. ನೋವನ್ನು ಮುಚ್ಚಿಡುವುದು ಅದರ ಹುಟ್ಟುಗುಣ. ಯಾರಿಗೂ ಕಾಣುವಂತೆ ಮಲಗುವ ಹೊತ್ತಿಗೆ ರೋಗ ಬಹಳ ಮುಂದೆ ಹೋಗಿರುತ್ತದೆ. ನೀವು ಹಿಡಿಯಬೇಕಾದ್ದು ಅದಕ್ಕಿಂತ ಎರಡು ದಿನ ಮೊದಲಿನ ಗುರುತು.

ಅನುಮಾನ ಬಂದರೆ ಜ್ವರ ನೋಡಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟಾಗ 101.5ರಿಂದ 103.5 ಫ್ಯಾರನ್‌ಹೀಟ್ ಇದ್ದರೆ ಸರಿ. ಎಡ ಡೊಕ್ಕೆಯ ಮೇಲೆ ಅಂಗೈ ಒತ್ತಿ ಒಂದು ನಿಮಿಷ ನಿಲ್ಲಿ. ಒಳಗೆ ನಿಧಾನವಾಗಿ ಅಲೆ ಎದ್ದಂತೆ ಒಂದೆರಡು ಸಲ ಕೈಯನ್ನು ತಳ್ಳಬೇಕು. ತಳ್ಳದಿದ್ದರೆ ಹೊಟ್ಟೆ ನಿಂತಿದೆ, ಪಶುವೈದ್ಯರಿಗೆ ಫೋನ್ ಮಾಡಿ.

ಹುಳ

ಬೆಚ್ಚಗೆ ತೇವ ಇರುವ ಕಡೆಗಳಲ್ಲಿ ಮೇಕೆಯ ದೊಡ್ಡ ಶತ್ರು ಹೊಟ್ಟೆಯಲ್ಲಿ ಕುಳಿತು ರಕ್ತ ಹೀರುವ ಹೀಮಾಂಕಸ್ ಹುಳ. ಒಂದೊಂದು ಹುಳ ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕುಡಿಯುತ್ತದೆ. ಓದಲು ಏನೂ ಅಲ್ಲ ಅನ್ನಿಸುತ್ತದೆ. ಒಂದು ಹೊಟ್ಟೆಯಲ್ಲಿ ಎರಡು ಸಾವಿರ ಹುಳ ಇದ್ದರೆ ದಿನಕ್ಕೆ 100 ಮಿಲಿ ಹೋಯಿತು. ಸಣ್ಣ ಮೇಕೆ ಎಷ್ಟು ದಿನ ತಡೆದೀತು?

ಇದನ್ನು ಕಣ್ಣಿನಲ್ಲೇ ಹಿಡಿಯಬಹುದು. ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಮುಚ್ಚಿ ಮೆಲ್ಲಗೆ ಒತ್ತಿ, ಇನ್ನೊಂದು ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆಯನ್ನು ಕೆಳಕ್ಕೆ ಎಳೆಯಿರಿ. ಒಳಗಿನ ಪೊರೆ ಹೊರಗೆ ಉಬ್ಬುತ್ತದೆ. ಕಡುಗೆಂಪು ಇದ್ದರೆ ರಕ್ತ ಚೆನ್ನಾಗಿದೆ. ತಿಳಿಗುಲಾಬಿಯಾದರೆ ಎಚ್ಚರ. ಕಾಗದದಂತೆ ಬಿಳಿಚಿದ್ದರೆ ಇವತ್ತೇ ಔಷಧಿ. ಮೇಕೆಯನ್ನು ಬಿಸಿಲಲ್ಲಿ ನಿಲ್ಲಿಸಿ ನೋಡಿ, ದೊಡ್ಡಿಯ ಕತ್ತಲಲ್ಲಿ ಎಲ್ಲ ಕಣ್ಣೂ ಬಿಳಿಯೇ. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ ಫಮಾಚಾ ಅನ್ನುವ ಐದು ಬಣ್ಣದ ಕಾರ್ಡನ್ನೇ ಮಾಡಿದ್ದಾರೆ. 1 ಮತ್ತು 2ಕ್ಕೆ ಔಷಧಿ ಬೇಡ, 4 ಮತ್ತು 5ಕ್ಕೆ ಕೊಡಲೇಬೇಕು, 3 ಬಂದರೆ ಮೇಕೆಯ ಮೈ ನೋಡಿ ನಿರ್ಧಾರ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ನೋಡಿ. ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಊದಿಕೊಂಡಿದ್ದರೆ ಬಣ್ಣ ನೋಡುತ್ತಾ ಕೂರಬೇಡಿ.

ಮಂದೆಗೆಲ್ಲ ಮೂರು ತಿಂಗಳಿಗೊಮ್ಮೆ ಔಷಧಿ ಸುರಿಯುವುದು ಹಳೆಯ ರೂಢಿ. ನಾನೂ ಹಾಗೇ ಮಾಡುತ್ತಿದ್ದೆ. ಕೆಲವು ವರ್ಷ ಕೆಲಸ ಮಾಡಿತು, ಆಮೇಲೆ ಔಷಧಿ ಕೊಟ್ಟರೂ ಮೇಕೆಗಳು ಬಿಳಿಚುತ್ತಲೇ ಹೋದವು. ಔಷಧಿಗೆ ಸಾಯದ ಹುಳಗಳಷ್ಟೇ ಉಳಿದು, ಅವೇ ಮರಿ ಮಾಡಿದ್ದವು. ಮಂದೆಯ ಹುಳಗಳಲ್ಲಿ ಬಹುಪಾಲು ಕೆಲವೇ ಮೇಕೆಗಳ ಹೊಟ್ಟೆಯಲ್ಲಿರುತ್ತವೆ. ಕಣ್ಣು ನೋಡಿ ಅವಕ್ಕೆ ಮಾತ್ರ ಕೊಟ್ಟರೆ ಔಷಧಿಯ ಬಲವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ. ಪದೇ ಪದೇ ಬಿಳಿಚುವ ಮೇಕೆಯ ಮರಿಗಳನ್ನು ತಳಿಗೆ ಇಟ್ಟುಕೊಳ್ಳಬೇಡಿ.

ಪ್ರಮಾಣ ತೂಕಕ್ಕೆ ತಕ್ಕಂತೆ ಇರಬೇಕು, ಕಣ್ಣಳತೆ ಬೇಡ. ತಕ್ಕಡಿ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಹೆಗಲ ಮೂಳೆಯಿಂದ ಪೃಷ್ಠದ ಮೂಳೆಯವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿ. ಸೆಂಟಿಮೀಟರಿನಲ್ಲಿ ಅಳೆದರೆ ಕಿಲೋ ಬರುತ್ತದೆ. ಸುತ್ತಳತೆ 75, ಉದ್ದ 65 ಇದ್ದರೆ ಮೇಕೆ ಸುಮಾರು 34 ಕಿಲೋ. ಯಾವ ಔಷಧಿ, ಮೇಕೆಗೆ ಎಷ್ಟು ಅನ್ನುವುದನ್ನು ಪಶುವೈದ್ಯರನ್ನೇ ಕೇಳಿ. ಕುರಿಯ ಪ್ರಮಾಣ ಮೇಕೆಗೆ ಹಲವು ಔಷಧಿಗಳಲ್ಲಿ ಸಾಲುವುದಿಲ್ಲ.

ಹುಳದ ಎಳೆಮರಿಗಳು ಹುಲ್ಲಿನ ಬುಡದ ಎರಡು ಇಂಚಿನಲ್ಲೇ ಹೆಚ್ಚಾಗಿ ಇರುತ್ತವೆ. ಮೇಯ್ದು ಹುಲ್ಲು ನಾಲ್ಕು ಇಂಚಿಗೆ ಇಳಿದ ಕೂಡಲೇ ಮಂದೆಯನ್ನು ಬೇರೆ ಕಡೆಗೆ ಹೊಡೆಯಿರಿ. ಬೆಳಗಿನ ಇಬ್ಬನಿ ಆರಿದ ಮೇಲೆ ಬಿಡಿ. ಮೇಕೆ ಮೇಯ್ದ ಜಾಗದಲ್ಲಿ ಆಮೇಲೆ ದನ ಮೇಯಿಸಿದರೆ ಇನ್ನೂ ಒಳ್ಳೆಯದು, ಈ ಹುಳ ದನದ ಹೊಟ್ಟೆಯಲ್ಲಿ ಅಷ್ಟಾಗಿ ಏಳಿಗೆಯಾಗುವುದಿಲ್ಲ.

ಲಸಿಕೆ

ಎರಡನ್ನು ಮರೆಯಬೇಡಿ. ಒಂದು ಕರುಳುಬೇನೆಯ ಲಸಿಕೆ. ಸಂಜೆ ಗಟ್ಟಿಮುಟ್ಟಾಗಿ ಮೇವು ತಿಂದ ಮರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದಲ್ಲ, ಅದು ಬಹಳ ಸಲ ಈ ರೋಗ. ತಾಯಿಗೆ ಮರಿ ಹಾಕುವ ಸುಮಾರು ಒಂದು ತಿಂಗಳ ಮೊದಲು ಹಾಕಿಸಿದರೆ ರಕ್ಷಣೆ ಗಿಣ್ಣು ಹಾಲಿನಲ್ಲಿ ಮರಿಗೂ ಸಿಗುತ್ತದೆ. ಮರಿಗೆ 6–8 ವಾರದಲ್ಲಿ ಒಂದು, ಮತ್ತೆ ಮೂರು-ನಾಲ್ಕು ವಾರ ಬಿಟ್ಟು ಇನ್ನೊಂದು.

ಇನ್ನೊಂದು ಪಿಪಿಆರ್, ಅಂದರೆ ಮೇಕೆ-ಕುರಿಗಳ ಪ್ಲೇಗು. 1942ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಇದನ್ನು ಮೊದಲು ಗುರುತಿಸಿದರು. ಇದರ ಅಣ್ಣನಂತಿದ್ದ ದನಗಳ ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ಹೋಯಿತು, ಇದನ್ನೂ 2030ರೊಳಗೆ ಇಲ್ಲವಾಗಿಸುವ ಗುರಿ ಇಟ್ಟುಕೊಂಡಿದ್ದಾರೆ. ಈ ರೋಗ ಇರುವ ನಾಡಿನಲ್ಲಿದ್ದರೆ ಲಸಿಕೆ ತಪ್ಪಿಸಬೇಡಿ. ಉಳಿದವು ನಿಮ್ಮ ಕಡೆ ಯಾವ ರೋಗ ಇದೆ ಅನ್ನುವುದರ ಮೇಲೆ.

ಗಬ್ಬ, ಮತ್ತು ಮರಿ ಹಾಕುವ ದಿನ

ಹೆಣ್ಣು ಮರಿಯನ್ನು ವಯಸ್ಸು ನೋಡಿ ಹೋತಕ್ಕೆ ಬಿಡಬೇಡಿ, ತೂಕ ನೋಡಿ. ದೊಡ್ಡ ಮೇಕೆಯ ತೂಕದ ಮೂರರಲ್ಲಿ ಎರಡು ಪಾಲು ಬಂದಿರಬೇಕು. ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ಒಂದು-ಒಂದೂವರೆ ದಿನ ಇರುತ್ತದೆ. ಬಾಲ ಅಲ್ಲಾಡಿಸುತ್ತಾ ಕೂಗುತ್ತದೆ, ಹೋತದ ಬೇಲಿಯ ಹತ್ತಿರವೇ ಸುತ್ತುತ್ತದೆ. ಹೋತ ಹಾರಿದ ದಿನವನ್ನು ಬರೆದಿಡಿ. ಆ ತಾರೀಖು ಗೊತ್ತಿದ್ದರೆ ಮರಿ ಹಾಕುವ ದಿನ ನೀವು ದೊಡ್ಡಿಯಲ್ಲಿರುತ್ತೀರಿ. ಗೊತ್ತಿಲ್ಲದಿದ್ದರೆ ಬೆಳಿಗ್ಗೆ ಹೋಗಿ ಸತ್ತ ಮರಿ ಎತ್ತುತ್ತೀರಿ.

ಹೊಟ್ಟೆಯೊಳಗಿನ ಮರಿ ತನ್ನ ತೂಕದ ಮುಕ್ಕಾಲು ಪಾಲಿನಷ್ಟು ಬೆಳೆಯುವುದು ಕೊನೆಯ ಆರು ವಾರಗಳಲ್ಲಿ. ಅದೇ ಹೊತ್ತಿಗೆ ಮರಿಗಳು ಜಾಗ ಹಿಡಿದು ತಾಯಿಯ ಮೇವಿನ ಹೊಟ್ಟೆ ಕುಗ್ಗುತ್ತದೆ. ಅವಳಿ-ತ್ರಿವಳಿ ಹೊತ್ತ ಮೇಕೆ ತಿನ್ನಲಾಗದೆ ತನ್ನ ಮೈಯ ಕೊಬ್ಬನ್ನೇ ಕರಗಿಸಿಕೊಳ್ಳುತ್ತದೆ, ಅದು ವಿಷವಾಗಿ ತಿರುಗುತ್ತದೆ. ದೂರ ನಿಲ್ಲುತ್ತದೆ, ಹಿಂಡಿ ಮೂಸಿ ಬಿಡುತ್ತದೆ, ಬಾಯಿಂದ ಕೊಳೆತ ಹಣ್ಣಿನಂಥ ಸಿಹಿ ವಾಸನೆ. ಈ ವಾಸನೆ ಬಂದರೆ ನಾಳೆಗೆ ಅಂತ ಇಡಬೇಡಿ. ತಪ್ಪಿಸುವ ದಾರಿ ಅಂದರೆ ಆ ಆರು ವಾರ ಒಳ್ಳೆಯ ಮೇವಿನ ಜೊತೆ ದಿನಕ್ಕೆ 200ರಿಂದ 400 ಗ್ರಾಂ ಕಾಳು-ಹಿಂಡಿ, ಮೆಲ್ಲಗೆ ಹೆಚ್ಚಿಸುತ್ತಾ. ಮೊದಲೇ ಕೊಬ್ಬಿದ ಮೇಕೆಗೂ ಇದು ಬರುತ್ತದೆ, ಅದಕ್ಕೇ ಬೆನ್ನು ಸವರಿ ನೋಡಿ. ಬೆನ್ನುಮೂಳೆ ಚುಚ್ಚಬಾರದು, ಕೈಗೆ ಸಿಗದೆಯೂ ಹೋಗಬಾರದು.

145ನೇ ದಿನದಿಂದ ಕಾಯಿರಿ. ಬಾಲದ ಬುಡದ ಎರಡೂ ಪಕ್ಕದಲ್ಲಿ ಪೆನ್ಸಿಲಿನಷ್ಟು ಗಟ್ಟಿ ನರದಂಥದ್ದು ಕೈಗೆ ಸಿಗುತ್ತದೆ. ಅದು ಮೆತ್ತಗಾಗಿ ಸಿಗದೇ ಹೋದರೆ ಬಹುಪಾಲು ಒಂದು ದಿನದೊಳಗೆ ಮರಿ. ಒಣಹುಲ್ಲು ಹಾಸಿದ ಬೇರೆ ಜಾಗಕ್ಕೆ ತನ್ನಿ. ಟವೆಲು, ಅಯೋಡಿನ್, ಕೈಗವಸು, ಟಾರ್ಚು, ಥರ್ಮಾಮೀಟರ್ ಒಂದೇ ಬುಟ್ಟಿಯಲ್ಲಿರಲಿ. ಕೈಗವಸು ಖಂಡಿತ ಬೇಕು. ಮಾಸು ಮತ್ತು ನೀರಿನಿಂದ ಮನುಷ್ಯರಿಗೆ ಹರಡುವ ರೋಗಗಳಿವೆ. ಮನೆಯಲ್ಲಿ ಬಸುರಿಯರಿದ್ದರೆ ಆ ಕಡೆ ಬರುವುದೇ ಬೇಡ.

ಮೊದಲು ಎರಡು ಮುಂಗಾಲ ಗೊರಸು, ಅದರ ಮೇಲೆ ಮೂತಿ ಕಂಡರೆ ಕೈಕಟ್ಟಿ ನಿಂತು ನೋಡಿ, ತಾಯಿಯೇ ಮಾಡುತ್ತದೆ. ಜೋರಾಗಿ ಮುಕ್ಕಿರಿಯಲು ಶುರುಮಾಡಿ ಅರ್ಧ ಗಂಟೆಯಾದರೂ ಏನೂ ಬಾರದಿದ್ದರೆ, ಅಥವಾ ತಲೆ ಮಾತ್ರ ಬಂದು ಕಾಲು ಬಾರದಿದ್ದರೆ, ಪಶುವೈದ್ಯರು ಬೇಕು. ಹಿಂಗಾಲು ಎರಡೂ ಮೊದಲು ಬಂದರೆ ಹೆದರಬೇಡಿ, ಹಾಗೂ ಹುಟ್ಟುತ್ತದೆ. ಆದರೆ ಹೊಕ್ಕುಳ ಬಳ್ಳಿ ಒತ್ತುವುದರಿಂದ ತಡ ಮಾಡುವಂತಿಲ್ಲ. ತಾಯಿ ಮುಕ್ಕಿರಿದಾಗ ಮಾತ್ರ, ಕೆಳಮುಖವಾಗಿ, ಎಳೆಯಿರಿ.

ಮರಿ ಬಿದ್ದ ಕೂಡಲೇ ಮೂಗು-ಬಾಯಿಯ ಲೋಳೆ ಒರೆಸಿ. ಉಸಿರು ಬಾರದಿದ್ದರೆ ಒಂದು ಒಣಹುಲ್ಲಿನ ಕಡ್ಡಿಯಿಂದ ಮೂಗಿನ ಹೊಳ್ಳೆ ಕೆರಳಿಸಿ, ಟವೆಲಿನಿಂದ ಪಕ್ಕೆ ಉಜ್ಜಿ. ಹೊಕ್ಕುಳನ್ನು ಅಯೋಡಿನ್‌ನಲ್ಲಿ ಅದ್ದಿ. ತಾಯಿಯ ಎರಡೂ ತೊಟ್ಟಿನಿಂದ ಒಂದೆರಡು ಸೆಲೆ ಹಿಂಡಿ, ತೊಟ್ಟಿನ ತುದಿಯಲ್ಲಿ ಮೇಣದಂಥ ಬಿರಡೆ ಕಟ್ಟಿರುತ್ತದೆ. ಅದು ಬಿಡದೆ ಮರಿ ಎಷ್ಟು ಚೀಪಿದರೂ ಹಾಲು ಬರುವುದಿಲ್ಲ. ಚೀಪುತ್ತಿದೆಯಲ್ಲ ಅಂತ ನೀವು ಮಲಗಲು ಹೋಗುತ್ತೀರಿ, ಮರಿ ಹಸಿದೇ ಇರುತ್ತದೆ.

ಮೊದಲ ಎರಡು ಗಂಟೆಯೊಳಗೆ ಗಿಣ್ಣು ಹಾಲು ಹೊಟ್ಟೆಗೆ ಹೋಗಬೇಕು. ಮೇಕೆಯ ಮರಿ ರೋಗ ತಡೆಯುವ ಶಕ್ತಿಯಿಲ್ಲದೆ ಹುಟ್ಟುತ್ತದೆ, ಆ ಶಕ್ತಿ ಬರುವುದು ಗಿಣ್ಣಿನಿಂದಲೇ. ಅದನ್ನು ಹೀರಿಕೊಳ್ಳಲು ಕರುಳಿನ ಬಾಗಿಲು ತೆರೆದಿರುವುದು ಒಂದು ದಿನ ಮಾತ್ರ, ಗಂಟೆ ಗಂಟೆಗೂ ಅದು ಮುಚ್ಚುತ್ತಾ ಬರುತ್ತದೆ. 3 ಕಿಲೋ ಮರಿಗೆ ಮೊದಲ 24 ಗಂಟೆಯಲ್ಲಿ ಸುಮಾರು 300 ಮಿಲಿ ಗಿಣ್ಣು, ನಾಲ್ಕೈದು ಸಲವಾಗಿ. ಗಿಣ್ಣು ಜಾಸ್ತಿ ಇರುವ ತಾಯಿಯಿಂದ ಸ್ವಲ್ಪ ಹಿಂಡಿ ಸಣ್ಣ ಬಾಟಲಿಗಳಲ್ಲಿ ಫ್ರೀಜರ್‌ನಲ್ಲಿಡಿ. ಬೇಕಾದಾಗ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಕುದಿಸಿದರೆ ಅದರ ಶಕ್ತಿಯೆಲ್ಲ ಹೋಗುತ್ತದೆ.

ಒಂದು ಬೆಳಗಿನ ಜಾವ ನೆನಪಾಗುತ್ತದೆ. ಮೂರು ಮರಿ ಹಾಕಿದ್ದ ತಾಯಿ ಎರಡನ್ನು ನೆಕ್ಕುತ್ತಾ ನಿಂತಿತ್ತು. ಮೂರನೆಯದು ಗೋಡೆಯ ಮೂಲೆಯಲ್ಲಿ ಒದ್ದೆ ಬಟ್ಟೆಯಂತೆ ಬಿದ್ದಿತ್ತು. ಬಾಯೊಳಗೆ ಬೆರಳಿಟ್ಟೆ. ತಣ್ಣಗಿತ್ತು, ಚೀಪಲಿಲ್ಲ. ಹಳೆಯ ನಾನಾಗಿದ್ದರೆ ಆಗಲೇ ಬಾಟಲಿ ಹಾಲು ಬಾಯಿಗೆ ಹಿಂಡುತ್ತಿದ್ದೆ. ತಣ್ಣಗಾದ ಮರಿ ನುಂಗಲಾರದು, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗೆ ಎರಡು ಮರಿಯನ್ನು ನನ್ನ ಕೈಯಾರೆ ಕಳೆದುಕೊಂಡಿದ್ದೆ. ಈ ಸಲ ಮೂಗು ಮೇಲಿರುವಂತೆ ಕತ್ತು ಹಿಡಿದು ಸ್ನಾನದ ಬಿಸಿಯ ನೀರಿನ ಬಕೆಟ್ಟಿನಲ್ಲಿ ಇಳಿಸಿದೆ. ನೀರು ಆರುತ್ತಿದ್ದಂತೆ ಬಿಸಿ ಸೇರಿಸುತ್ತಾ ಇಪ್ಪತ್ತು ನಿಮಿಷ. ಮೊದಲು ಕಿವಿ ಒಂದು ಸಲ ಅದುರಿತು. ಆಮೇಲೆ ಕಾಲು ನೀರನ್ನು ಒದ್ದವು. ಚೆನ್ನಾಗಿ ಒರೆಸಿ, ಮತ್ತೆ ಬಾಯಿಗೆ ಬೆರಳಿಟ್ಟಾಗ ನಾಲಿಗೆ ಸುರುಳಿ ಸುತ್ತಿ ಎಳೆಯಿತು. ಆಗ ಗಿಣ್ಣು ಕೊಟ್ಟೆ. ಆ ಹೆಣ್ಣು ಮರಿ ಬೆಳೆದು ನನ್ನ ದೊಡ್ಡಿಯಲ್ಲಿ ಆರು ಸೂಲು ಮರಿ ಹಾಕಿತು.

ಅದು ಹುಟ್ಟಿ ಒಂದು ಗಂಟೆಯೂ ಆಗಿರಲಿಲ್ಲ, ಅದಕ್ಕೇ ಬಿಸಿನೀರು ಸಾಕಾಯಿತು. ಹುಟ್ಟಿ ಐದು ಗಂಟೆ ದಾಟಿ, ತೀರಾ ತಣ್ಣಗಾಗಿ ಬಿದ್ದ ಮರಿಯ ರಕ್ತದಲ್ಲಿ ಸಕ್ಕರೆಯೂ ಇಳಿದಿರುತ್ತದೆ. ಅದಕ್ಕೆ ಮೊದಲು ಪಶುವೈದ್ಯರಿಂದ ಗ್ಲೂಕೋಸ್, ಆಮೇಲೆ ಬಿಸಿ.

ಮಾಸು ತಾನಾಗಿ ಬೀಳಲಿ. 12 ಗಂಟೆ ಕಳೆದರೂ ಬೀಳದಿದ್ದರೆ ವೈದ್ಯರಿಗೆ ಹೇಳಿ, ಎಳೆಯಬೇಡಿ.

ಮರಿ ಬೆಳೆಸುವುದು

ಎರಡನೇ ವಾರದಿಂದಲೇ ಮರಿ ಎಳೆ ಸೊಪ್ಪು ಕಚ್ಚಿ ನೋಡುತ್ತದೆ. ಮರಿ ಮಾತ್ರ ನುಸುಳುವಷ್ಟು ಸಂದು ಬಿಟ್ಟು ಒಂದು ಮೂಲೆ ಕಟ್ಟಿ, ಅಲ್ಲಿ ಒಳ್ಳೆಯ ಮೇವು, ಸ್ವಲ್ಪ ಹಿಂಡಿ ಇಡಿ. ಎರಡು-ಮೂರು ತಿಂಗಳಿಗೆ ಹಾಲು ಬಿಡಿಸಬಹುದು. ತಾಯಿಯನ್ನು ಬೇರೆ ಕಡೆಗೆ ಒಯ್ಯಿರಿ, ಮರಿ ಗೊತ್ತಿದ್ದ ಜಾಗದಲ್ಲೇ ಇರಲಿ. ಮೂರು ತಿಂಗಳು ದಾಟಿದ ಗಂಡು ಮರಿಗಳನ್ನು ಹೆಣ್ಣುಗಳಿಂದ ಬೇರ್ಪಡಿಸಿ. ಅಷ್ಟು ಸಣ್ಣದು ಏನು ಮಾಡುತ್ತದೆ ಅಂತ ಬಿಟ್ಟರೆ ತಂಗಿಯೇ ಗಬ್ಬವಾಗಿರುತ್ತಾಳೆ.

ಬೀಜ ಒಡೆಸಿದ ಗಂಡುಗಳಿಗೆ ಕಾಳು ಜಾಸ್ತಿಯಾದರೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಕಾಳಿನಲ್ಲಿ ರಂಜಕ ಹೆಚ್ಚು. ಮೇವಿನಲ್ಲಿ ಸುಣ್ಣದಂಶ ರಂಜಕದ ಎರಡರಷ್ಟು ಇರುವಂತೆ ನೋಡಿಕೊಳ್ಳಿ, ನೀರು ಕೊಡಿ. ಬೆನ್ನು ಬಾಗಿಸಿ ಮುಕ್ಕಿರಿಯುವ ಗಂಡು ಮರಿ ಹಿಕ್ಕೆಗೆ ತಿಣುಕುತ್ತಿದೆ ಅಂತ ಅಂದುಕೊಳ್ಳಬೇಡಿ. ಅದಕ್ಕೆ ಉಚ್ಚೆ ಕಟ್ಟಿದೆ, ಗಂಟೆಗಳ ಲೆಕ್ಕ.

ವರ್ಷ ಕಳೆದಂತೆ

ಇದನ್ನು ಐದು ವರ್ಷ ಮಾಡುವುದು ಬೇರೆ, ಮೂವತ್ತು ವರ್ಷ ಮಾಡುವುದು ಬೇರೆ. ಇಪ್ಪತ್ತರಲ್ಲಿ 40 ಕಿಲೋ ಮೇಕೆಯನ್ನು ಎತ್ತಿ ಗಾಡಿಗೆ ಹಾಕುತ್ತೀರಿ. ಐವತ್ತರಲ್ಲಿ ಸೊಂಟ ಬೇಡ ಅನ್ನುತ್ತದೆ. ಆದ್ದರಿಂದ ಎರಡನೇ-ಮೂರನೇ ವರ್ಷದಲ್ಲೇ ಮೇಕೆಗಳನ್ನು ಒಂದರ ಹಿಂದೆ ಒಂದು ಸಾಲಾಗಿ ನಿಲ್ಲಿಸುವ ಕಿರಿದಾದ ದಾರಿ, ಗಾಡಿಗೆ ಹತ್ತಿಸುವ ಇಳಿಜಾರು ಕಟ್ಟಿಕೊಳ್ಳಿ. ಗೊರಸು ಕತ್ತರಿಸುವಾಗ ನೀವು ಬಗ್ಗದಂತೆ ಮೇಕೆಯನ್ನು ನಿಲ್ಲಿಸುವ ಎತ್ತರದ ಹಲಗೆ ಮಾಡಿಸಿ. ನನ್ನ ಬೆನ್ನು ಉಳಿದದ್ದು ಆ ಹಲಗೆಯಿಂದ.

ನಿಮ್ಮ ಮಂದೆಯನ್ನು ನಾಲ್ಕು ದಿನ ನೋಡಿಕೊಳ್ಳಬಲ್ಲ ಒಬ್ಬರನ್ನು ತಯಾರು ಮಾಡಿ. ಮದುವೆ, ಸಾವು, ಸ್ವಂತ ಕಾಯಿಲೆ ಎಲ್ಲರಿಗೂ ಬರುತ್ತವೆ, ಮೇಕೆಗೆ ರಜೆ ಇಲ್ಲ. ಎರಡು ವರ್ಷಕ್ಕೊಮ್ಮೆ ಹೋತ ಬದಲಾಯಿಸಿ, ಇಲ್ಲದಿದ್ದರೆ ಅಪ್ಪನೇ ಮಗಳ ಮೇಲೆ ಹಾರುತ್ತಾನೆ, ಮಂದೆ ಕುಗ್ಗುತ್ತಾ ಹೋಗುತ್ತದೆ. ಒಳ್ಳೆಯ ಮಾರಾಟದ ವರ್ಷ ಬಂದ ಹಣವನ್ನೆಲ್ಲ ಹೊಸ ಮೇಕೆಗೆ ಹಾಕಬೇಡಿ. ಒಂದು ಬರಗಾಲಕ್ಕೆ ಆಗುವಷ್ಟು ಒಣಮೇವು ಕೂಡಿಡಿ. ಮೇವಿಲ್ಲದೆ ಸಿಕ್ಕಷ್ಟಕ್ಕೆ ತಾಯಂದಿರನ್ನು ಮಾರಿದರೆ ಹತ್ತು ವರ್ಷ ಆರಿಸಿ ಬೆಳೆಸಿದ ರಕ್ತ ಹೋಯಿತು, ಅದು ದುಡ್ಡು ಕೊಟ್ಟರೂ ಮತ್ತೆ ಸಿಗುವುದಿಲ್ಲ.

ಮಾರಾಟ ಮತ್ತು ನೋಟ್‌ಬುಕ್

ಔಷಧಿ ಕೊಟ್ಟ ಮೇಕೆಯನ್ನು, ಇಷ್ಟು ದಿನ ಮಾಂಸಕ್ಕೆ ಬಳಸಬಾರದು ಅಂತ ಔಷಧಿಯ ಚೀಟಿಯಲ್ಲಿ ಬರೆದ ದಿನಗಳು ಮುಗಿಯುವವರೆಗೆ ಮಾರಬೇಡಿ. ಇದರಲ್ಲಿ ರಾಜಿ ಇಲ್ಲ. ತೂಕ ಹಾಕಿ ಮಾರಿ. ಬದುಕಿರುವ ತೂಕದಲ್ಲಿ ಸುಮಾರು ಅರ್ಧದಷ್ಟು, ಅಥವಾ ಸ್ವಲ್ಪ ಕಡಿಮೆ, ಮೂಳೆ ಸಹಿತ ಮಾಂಸವಾಗಿ ನಿಲ್ಲುತ್ತದೆ, ಕೊಳ್ಳುವವರು ಮನಸ್ಸಲ್ಲಿ ಅದನ್ನೇ ಲೆಕ್ಕ ಹಾಕುತ್ತಾರೆ. ಗಾಡಿ ಹತ್ತಿಸುವಾಗ ಕಿವಿ, ಕಾಲು, ಕೋಡು ಹಿಡಿದು ಎಳೆಯಬೇಡಿ. ಗೊತ್ತಿರುವ ಒಂದು ಮೇಕೆಯನ್ನು ಮುಂದೆ ನಡೆಸಿದರೆ ಉಳಿದವು ಹಿಂದೆ ಬರುತ್ತವೆ. ಹೆದರಿ ಓಡಿದ ಪ್ರಾಣಿಯ ಮಾಂಸ ಗಟ್ಟಿಯಾಗಿ ಕಪ್ಪಾಗುತ್ತದೆ.

ಗಾಡಿ ಹೋದ ಸಂಜೆಯೇ ನೋಟ್‌ಬುಕ್ ತೆಗೆಯಿರಿ. ಒಂದೊಂದು ತಾಯಿಗೆ ಒಂದೊಂದು ಪುಟ. ಹೋತ ಹಾರಿದ ತಾರೀಖು, ಹುಟ್ಟಿದ ಮರಿ, ಉಳಿದ ಮರಿ, ಹಾಲು ಬಿಡಿಸಿದಾಗಿನ ತೂಕ, ಎಷ್ಟು ಸಲ ಹುಳದ ಔಷಧಿ, ಮಾರಿದ ತೂಕ. ಮೂರು ಸೂಲಿನ ಪುಟ ತುಂಬಿದ ಮೇಲೆ ಎರಡು ಮೇಕೆಗಳ ಪುಟವನ್ನು ಅಕ್ಕಪಕ್ಕ ಇಟ್ಟು ಓದಿ. ಮೈತುಂಬಿಕೊಂಡು ಹೊಳೆಯುವ ಮೇಕೆ ಮೂರು ಸೂಲಿಗೆ ಮೂರೇ ಮರಿ ಉಳಿಸಿರುತ್ತದೆ. ಕೂದಲು ಕೆದರಿದ, ಯಾರೂ ಎರಡನೇ ಸಲ ನೋಡದ ಮೇಕೆ ಆರನ್ನೂ ಉಳಿಸಿ ಸಾಕಿರುತ್ತದೆ. ಆ ಎರಡನೆಯದರ ಹೆಣ್ಣು ಮರಿ ಯಾವುದು ಅಂತ ಹುಡುಕಿ, ಅದರ ಕಿವಿಗೆ ಓಲೆ ಹಾಕಿ ಈ ಸಲ ಮನೆಯಲ್ಲೇ ಇಟ್ಟುಕೊಳ್ಳಿ.